ತೊಂಬತ್ತೆರಡರ ಧೈರ್ಯ

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಸೂಜಿ ಹಿಡಿದೂ ಹಿಡಿದೂ ಅವಳ ತಲೆ ನರೆತಿತ್ತು. ಕೈ ಎಷ್ಟು ಹಗುರವೆಂದರೆ, ಅಳಲು ಸಿದ್ಧವಾಗಿ ಬಂದ ಮಕ್ಕಳೂ "ಆಗೋಯ್ತಾ?" ಎಂದು ಕೇಳುತ್ತಿದ್ದವು. ನಾಲಿಗೆಗೆ ಮಾತ್ರ ಲಗಾಮಿಲ್ಲ. ವರದಿ ಒಯ್ಯಲು ಬಂದವರಿಗೆ ಡಾಕ್ಟರಿಗಿಂತ ಮೊದಲು ತಾನೇ ಅರ್ಧ ವೈದ್ಯ ಮಾಡಿ ಕಳಿಸುತ್ತಿದ್ದಳು.

ಅಂಥವಳು ಒಮ್ಮೆ ಬಡಗಿಯಾಗಿದ್ದ ತನ್ನ ಗಂಡನನ್ನೂ ಹಿಡಿದು ಕೂರಿಸಿ ರಕ್ತ ತೆಗೆದಳು. ಎಚ್‌ಡಿಎಲ್, ಅಂದರೆ ಒಳ್ಳೆಯ ಕೊಲೆಸ್ಟ್ರಾಲ್, ತೊಂಬತ್ತೆರಡು! ನಲವತ್ತು ದಾಟಲು ಒದ್ದಾಡುವವರನ್ನೇ ನೋಡಿದ್ದವಳಿಗೆ ಲಾಟರಿ ಹೊಡೆದಷ್ಟು ಖುಷಿ. ಕೆಟ್ಟ ಕೊಲೆಸ್ಟ್ರಾಲೂ ಮಿತಿ ಮೀರಿತ್ತು, ನಿಜ. ಒಳ್ಳೆಯದೇ ಇಷ್ಟಿರುವಾಗ ಕೆಟ್ಟದ್ದರ ಬೇಳೆ ಬೇಯುತ್ತದೆಯೇ?

"ಡಾಕ್ಟರಿಗೆ ತೋರಿಸೋಣ್ವಾ?" ಎಂದ ಗಂಡ.

"ಸುಮ್ನಿರಿ. ನಿಮ್ಮ ಗುಂಡಿಗೆ ಕಲ್ಲಿದ್ದ ಹಾಗಿದೆ!"

ನೆಂಟರಿಗೆಲ್ಲ ಫೋನ್ ಮಾಡಿ ಜಂಬ ಕೊಚ್ಚಿದ್ದೂ ಆಯಿತು.

ವರ್ಷ ತುಂಬುವುದರೊಳಗೆ ಒಂದು ಬೆಳಿಗ್ಗೆ, ಅವನು ಬಾಗಿಲು ಕೂರಿಸುತ್ತಿದ್ದ ಮನೆಯವರ ಫೋನು ಬಂತು. ಎದೆ ಹಿಡಿದುಕೊಂಡು ಕುಸಿದಿದ್ದಾನೆ, ಆಸ್ಪತ್ರೆಗೆ ಒಯ್ಯುತ್ತಿದ್ದೇವೆ ಎಂದರು. ತೋಳು ಚಾಚಿ ಕೂತಿದ್ದವರನ್ನು ಹಾಗೇ ಬಿಟ್ಟು ಅವಳು ಓಡಿದಳು.

ಹೃದಯದ ಡಾಕ್ಟರು ಪರದೆಯ ಮೇಲೆ ರಕ್ತನಾಳ ತೋರಿಸಿದರು. ಒಂದು ಪೂರ್ತಿ ಮುಚ್ಚಿತ್ತು, ಅದನ್ನು ಆಗಲೇ ಬಿಡಿಸಿ ಸ್ಟೆಂಟ್ ಹಾಕಿದ್ದರು. ಇನ್ನೊಂದು ಮುಕ್ಕಾಲು ಕಟ್ಟಿತ್ತು.

"ಸಾಧ್ಯವೇ ಇಲ್ಲ!" ಅವಳು ಕೂಗಿಯೇಬಿಟ್ಟಳು. "ಅವರಿಗೆ ಎಚ್‌ಡಿಎಲ್ ತೊಂಬತ್ತೆರಡು! ನೀವು ಬೇರೆ ಯಾರದ್ದೋ ತೋರಿಸ್ತಿದೀರಿ."

"ಅವರದ್ದೇ ಕಣಮ್ಮಾ. ಒಳ್ಳೇದು ಕಡಿಮೆ ಇದ್ದೋರಿಗೆ ಅಪಾಯ ಜಾಸ್ತಿ, ಸರಿ. ಹಾಗಂತ ಜಾಸ್ತಿ ಇದ್ದೋರನ್ನ ಅದು ಕಾದೇ ಕಾಯುತ್ತೆ ಅನ್ನೋ ಖಾತ್ರಿ ಇಲ್ಲ. ವಿಪರೀತ ಇದ್ದಾಗ ಎಷ್ಟೋ ಸಲ ಅದು ನೆಟ್ಟಗೆ ಕೆಲಸಾನೇ ಮಾಡ್ತಿರಲ್ಲ. ಅದಿರಲಿ, ಇವತ್ತಿನ ಪರೀಕ್ಷೇಲಿ ಕೆಟ್ಟದ್ದು ಇಷ್ಟೊಂದಿದೆಯಲ್ಲ, ಯಾಕೆ ಔಷಧಿ ತಗೊಳ್ಳಲಿಲ್ಲ?"

ಊರಿಗೆಲ್ಲ ಉತ್ತರ ಹೇಳುತ್ತಿದ್ದವಳು ಹೋಗಿ ವಾರ್ಡಿನ ಬಾಗಿಲಲ್ಲಿ ನಿಂತಳು.

ಸಂಜೆ ಅವನು ಕಣ್ಣು ಬಿಟ್ಟ. ಸದ್ಯ, ಬದುಕಿದ್ದ.

"ಮೊದಲು ಒಂದು ದಿನಾನೂ ನೋವು ಬಂದಿರಲಿಲ್ವೇನ್ರೀ?"

"ಬರ್ತಿತ್ತು. ಮೆಟ್ಟಿಲು ಹತ್ತುವಾಗೆಲ್ಲ ಎದೆ ಹಿಡ್ಕೊಳ್ತಿತ್ತು."

"ಅಯ್ಯೋ! ನನ್ಹತ್ರ ಯಾಕ್ರೀ ಬಾಯಿ ಬಿಡ್ಲಿಲ್ಲ?"

ಅವನು ಮುಜುಗರದಿಂದ ನಕ್ಕ. "ನಿನಗಿಂತ ನನ್ನ ಎದೆಗೆ ಜಾಸ್ತಿ ಗೊತ್ತಾ ಅಂತ ಸುಮ್ನಾದೆ ಕಣೇ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಅದಕ್ಕೇ ಅವಳಿಗೆ ಅವನ ಮುಖ ನೋಡಲಾಗಲಿಲ್ಲ.