ಪೂಜೆಗೆ ಕೂತ ಇಂಟರ್ನೆಟ್ ಡಬ್ಬಿ

ಮೇಟಗಳ್ಳಿಯ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ನಮ್ಮ ಯಜಮಾನರು ಕೆಸರೆಯ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಯಂತ್ರದ ಭಾಗಗಳ ನಕ್ಷೆ ಬಿಡಿಸತೊಡಗಿದರು. ನಮ್ಮ ಬೀದಿಗೆ ಫೈಬರ್ ಕೇಬಲ್ ಬಂದದ್ದೂ ಆ ವರ್ಷವೇ. ದೇವರ ದಯೆ ಎಂದೇ ಅಂದುಕೊಂಡೆ. ಇವರ ನಕ್ಷೆ ಒಪ್ಪಿಗೆಯಾದರೆ, ಅದರಂತೆ ಕಬ್ಬಿಣ ಕಡೆಯುವ ಕೆಲಸ ಮೇಟಗಳ್ಳಿಯ ಶೆಡ್ಡಿನಲ್ಲಿ ಲೇತ್ ಇಟ್ಟುಕೊಂಡಿದ್ದ ಇವರ ಇಬ್ಬರು ಹಳೆಯ ಜೊತೆಗಾರರಿಗೆ ಸಿಗುತ್ತಿತ್ತು.

ಆ ಆಯುಧಪೂಜೆಯ ದಿನ ಹನ್ನೆರಡು ಗಂಟೆಯೊಳಗೆ ಪುಣೆಯ ಕಂಪನಿಯೊಂದಕ್ಕೆ ಒಂದು ನಕ್ಷೆ ತಲುಪಬೇಕಿತ್ತು. ತಪ್ಪಿದರೆ ಕೆಲಸ ಬೇರೆಯವರ ಪಾಲು. ಶೆಡ್ಡಿನ ಲೇತ್‌ಗಳು ತಿಂಗಳುಗಟ್ಟಲೆ ಸುಮ್ಮನೆ ನಿಂತಿದ್ದವು.

ಇವರು ಫೈಲ್ ಕಳಿಸಲು ಹಚ್ಚಿ ಸ್ನಾನಕ್ಕೆ ಹೋದರು. ನಾನು ಈಳಿಗೆಮಣೆ, ಕತ್ತರಿ, ಹೊಲಿಗೆ ಯಂತ್ರ ಎಲ್ಲ ಒರೆಸಿ ಸಾಲಾಗಿ ಇಡುತ್ತಿದ್ದೆ. ಗೋಡೆಯ ಮೇಲೆ ದೀಪ ಮಿಟುಕಿಸುತ್ತಿದ್ದ ಡಬ್ಬಿ ಕಣ್ಣಿಗೆ ಬಿತ್ತು. ಅನ್ನ ಕೊಡುವುದು ಇದೇ ಅಲ್ಲವೇ ಎಂದು ವೈರು ಕಿತ್ತು, ಒರೆಸಿ, ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿ ಮಣೆಯ ಮೇಲೆ ಕೂರಿಸಿದೆ.

ಇವರು ತಲೆ ಒರೆಸಿಕೊಳ್ಳುತ್ತಾ ಬಂದರು. "ಲೇ, ನೆಟ್ ಹೋಗ್ಬುಟ್ಟಿದೆ ಕಣೇ."

"ಹೋಗಿಲ್ಲ ಕಣ್ರೀ, ಪೂಜೆಗೆ ಕೂತಿದೆ."

ಇವರು ಕೈ ಚಾಚಿದ್ದೇ ತಡ, ಅತ್ತೆ ತಡೆದರು. "ಮುಟ್ಬೇಡ ಕಣೋ. ಪೂಜೆಗೆ ಇಟ್ಟ ಆಯುಧಾನ ನಾಳೆಗಂಟ ಕದಲಿಸ್ಬಾರದು."

"ಪುಣೆಯೋರು ನಾಳೆಗಂಟ ಕಾಯಲ್ಲಮ್ಮ."

"ಅವ್ರಿಗೆ ಹಬ್ಬ ಇಲ್ವೇನೋ?"

"ಅವ್ರ ಹಬ್ಬ ನಾಳೆ."

ಅಷ್ಟು ದೊಡ್ಡ ಫೈಲು ಮೊಬೈಲಿನಲ್ಲಿ ಹೋಗುವಂಥದ್ದಲ್ಲ. ಅಷ್ಟರಲ್ಲಿ ಶೆಡ್ಡಿನಿಂದ ಫೋನು: "ಹೋಯ್ತೇನಣ್ಣ ನಕ್ಷೆ?"

ಇವರು ನನ್ನನ್ನೇ ನೋಡುತ್ತಾ ಹೇಳಿದರು, "ಹೊರಟಿದೆ ಕಣಪ್ಪ. ನಿಮ್ಮತ್ತಿಗೆ ಆರತಿ ಎತ್ತಿ ಕಳಿಸ್ತಾಳಂತೆ."

ನನಗೆ ಅಳು ಬರುವಂತಾಯಿತು. ಆದರೆ ಬುದ್ಧಿಯನ್ನೂ ದೇವರೇ ಕೊಟ್ಟ. "ಅತ್ತೆ, ಸ್ಕೂಟರಿಗೆ ಪೂಜೆ ಮಾಡಿದ ತಕ್ಷಣ ನಿಂಬೆಹಣ್ಣಿನ ಮೇಲೆ ಹತ್ತಿಸಿ ಓಡಿಸ್ತೀವಲ್ಲ, ಅದು ತಪ್ಪಲ್ವಾ?"

"ಅದು ಗಾಡಿ ಕಣಮ್ಮ."

"ಇದೂ ನಕ್ಷೆ ಹೊತ್ಕೊಂಡು ಪುಣೆಗೆ ಹೋಗೋ ಗಾಡಿನೇ ಅಲ್ವಾ?"

ಅತ್ತೆ ಡಬ್ಬಿಯನ್ನು ಮುಟ್ಟದೆ ಸುತ್ತಲೂ ಬಗ್ಗಿ ನೋಡಿದರು. "ಚಕ್ರ ಎಲ್ಲೈತೆ?" ಎಂದರೂ ನಿಂಬೆಹಣ್ಣು ತರಲು ತಾವೇ ಎದ್ದರು.

ಗಡಿಬಿಡಿಯಲ್ಲಿ ಮಂಗಳಾರತಿಯಾಯಿತು. ಚಕ್ರವಿಲ್ಲದ ಗಾಡಿಯ ಪರವಾಗಿ ಇವರೇ ಎರಡು ನಿಂಬೆಹಣ್ಣು ತುಳಿದು, ರಸ ಮೆತ್ತಿದ ಕಾಲಲ್ಲೇ ಡಬ್ಬಿ ಎತ್ತಿಕೊಂಡು ಓಡಿ ವೈರು ಸಿಕ್ಕಿಸಿದರು. ಹನ್ನೆರಡಕ್ಕೆ ಎರಡು ನಿಮಿಷವಿದ್ದಾಗ ನಕ್ಷೆ ಹೋಯಿತು.

ಕೆಲಸ ಸಿಕ್ಕಿತು. ಲೇತ್‌ಗಳು ತಿರುಗಿದವು; ಶೆಡ್ಡಿಗೆ ಇನ್ನಿಬ್ಬರು ಕೆಲಸಕ್ಕೆ ಸೇರಿದರು. ಈಗ ಪ್ರತಿ ವರ್ಷ ಡಬ್ಬಿಗೆ ಸ್ಕೂಟರಿನ ಜೊತೆಯಲ್ಲೇ ಪೂಜೆ, ವೈರು ಕೀಳದೆ.