ಗೊಲ್ಲಾಳಮ್ಮನ ಹಸಿರು ಬಳೆ

ಕೆಂಭಾವಿಯ ಗೊಲ್ಲಾಳಮ್ಮನಿಗೆ ಧಾರಾವಾಹಿಯವರೆಲ್ಲ ಬೀಗರಿದ್ದಂತೆ. ರೊಟ್ಟಿ ಬಡಿಯುತ್ತಲೇ ಟಿವಿಯೊಳಗಿನ ಅತ್ತೆಗೆ "ನಿನ್ನ ನಾಲಿಗಿ ಸುಡ್ಲಿ" ಎಂದು ಶಾಪ ಹಾಕುತ್ತಾಳೆ. ಅಲ್ಲಿಯ ಮದುವೆಯ ಸುದ್ದಿಯನ್ನು ಹಿಟ್ಟಿನ ಗಿರಣಿಯಲ್ಲಿ ಪಕ್ಕದ ಓಣಿಯದೇ ಎಂಬಂತೆ ಹೇಳುತ್ತಾಳೆ. ಈಚೆಗೆ ಧಾರಾವಾಹಿಯ ವಿಧವೆಯೊಬ್ಬಳು ಬಳೆ ತೊಟ್ಟಳು. ಮುಂದಿನ ಸಂತೆಯಲ್ಲಿ, ತಾನೂ ಗಂಡನನ್ನು ಕಳೆದುಕೊಂಡಿದ್ದ ಗೊಲ್ಲಾಳಮ್ಮ ಎರಡೂ ಕೈತುಂಬ ಹಸಿರು ಬಳೆ ಇಡಿಸಿಕೊಂಡಳು. "ಟಿವಿ ನೋಡಿ ನೋಡಿ ಕೆಟ್ಟಿ ಬಿಡವ್ವಾ, ಧರ್ಮ ಹಾಳಾತು" ಎಂದ ಕಿರಾಣಿ ಅಂಗಡಿಯ ಪಂಪಣ್ಣ. "ಟಿವಿ ನನಗೇನ್ ಕಲಿಸ್ತದೋ ಯಣ್ಣಾ? ಆ ಟಿವಿಯಾಕಿನೇ ನನ್ನ ನೋಡಿ ಕಲ್ತಾಳ!" ಎಂದಳು ಇವಳು. ಸುಳ್ಳೇನಲ್ಲ. ಗಂಡ ತೀರಿದ ದಿನ ಒಡೆಯಲು ಕೊಡದೆ ನಾಲ್ಕು ಬಳೆ ಬಚ್ಚಿಟ್ಟವಳು, ಪ್ರತಿ ನಾಗರಪಂಚಮಿಗೆ ಬಾಗಿಲಿನ ಅಗಳಿ ಹಾಕಿ ಅವನ್ನು ತೊಟ್ಟು, ಸಪ್ಪಳ ಓಣಿಗೆ ಕೇಳದಂತೆ ಟಿವಿ ಜೋರು ಮಾಡಿ ಕೂರುತ್ತಿದ್ದಳು. ಮೊನ್ನೆ ಬಸುರಿ ಮಗಳು ಸೌಭಾಗ್ಯಳ ಕುಬಸದಲ್ಲಿ, ಅಂದರೆ ಸೀಮಂತದಲ್ಲಿ, ಹಿರಿಯ ಹೆಂಗಸರು, "ನೀ ಉಡಿ ತುಂಬಬಾರದವ್ವಾ, ಒಳಗ ಹೋಗು" ಎಂದರು. ಗೊಲ್ಲಾಳಮ್ಮ ಹೋಗಲಿಲ್ಲ. ಎಲ್ಲರಿಗಿಂತ ಮೊದಲು ಬೊಗಸೆ ತುಂಬ ಅಕ್ಕಿ ಹಿಡಿದು ಮಗಳ ಮುಂದೆ ನಿಂತಳು. ಸೌಭಾಗ್ಯ ಹಿರಿಯರತ್ತ ನೋಡಲೇ ಇಲ್ಲ. ಉಡಿಯ ಸೆರಗನ್ನು ಇನ್ನಷ್ಟು ಅಗಲ ಮಾಡಿ ಹಿಡಿದಳು.