ಅಟ್ಟದ ಸಂದು ಮುಚ್ಚಿದ ಬೇಸಿಗೆ

ತೆಂಗಿನಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಅದು ಅಟ್ಟ ಹತ್ತಿ ಎಷ್ಟು ತಿಂಗಳಾಯಿತೆಂದು ನನ್ನ ಅಕ್ಕ ಹೇಳುತ್ತಿದ್ದಳು. ಮೊದಮೊದಲು ಒಳಗೆ ನೀರು ಕುಳುಕುಳು ಎನ್ನುತ್ತದೆ. ನೀರು ಇಂಗುತ್ತಾ ಹೋದಂತೆ ಸದ್ದು ಸಣ್ಣದಾಗಿ, ನಡುವೆ ಕೆಲವು ವಾರ ಏನೂ ಕೇಳಿಸುವುದಿಲ್ಲ. ಕೊನೆಗೆ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾದಾಗ ಗಟಗಟ ಎನ್ನುತ್ತದೆ. ಹಾಗೆ ಗಟಗಟ ಎಂದದ್ದನ್ನು ಮಾತ್ರ ಅಕ್ಕ ಅಟ್ಟದ ಬಾಯಿಂದ ಕೆಳಕ್ಕೆ ಬಿಡುತ್ತಿದ್ದಳು, ನಡುಮನೆಯಲ್ಲಿ ಹಾಸಿದ ಗೋಣಿಚೀಲದ ಮೇಲೆ. ನೀರಾಡುವ ಕಾಯನ್ನು ಅವಳು ಒಂದು ದಿನವೂ ಬಿಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ದಿನ ನನಗೆ ಇದು ನೆನಪಾಗಲು ತಡವಾಯಿತು.

ಅಕ್ಕ, ಭಾವ ಇರುವುದು ಗುಬ್ಬಿಗೆ ಹತ್ತಿರದ ಒಂದು ಹಳ್ಳಿಯಲ್ಲಿ. ಹೆಂಚಿನ ಮನೆ. ಅಡುಗೆಮನೆ ಮತ್ತು ನಡುಮನೆಯ ಮೇಲೆ ಉದ್ದಕ್ಕೂ ಅಟ್ಟ. ಅಟ್ಟಕ್ಕೆ ಹಲಗೆ ಹೊಡೆದಿಲ್ಲ, ಬೆರಳು ತೂರುವಷ್ಟು ಸಂದು ಬಿಟ್ಟು ಬಿದಿರಿನ ಗಳ ಜೋಡಿಸಿದ್ದಾರೆ. ಕೆಳಗಿನ ಒಲೆಯ ಹೊಗೆ ಆ ಸಂದುಗಳಿಂದ ಮೇಲೆ ಹತ್ತಬೇಕು, ಕಾಯಿಗಳ ನಡುವೆ ಸುತ್ತಾಡಬೇಕು, ಹೆಂಚಿನ ಸಂದುಗಳಿಂದ ಹೊರಗೆ ಹೋಗಬೇಕು. ಆಗಲೇ ಕಾಯಿಗೆ ಬೂಸಲು ಬರದೆ ಒಣಗುವುದು. ಆ ಕಡೆಯ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ. ನಾನೂ ಅದೇ ಸೀಮೆಯಲ್ಲಿ ಹುಟ್ಟಿದವಳು. ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ನಾನು ತುಮಕೂರಿನಲ್ಲಿದ್ದೇನೆ. ಕುಣಿಗಲ್‌ನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ, ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ನನ್ನದು ಮೇಲಿನ ಮಹಡಿಯ ಮನೆ. ಬೇಸಿಗೆಯಲ್ಲಿ ಕಾಲೇಜು ಮುಗಿಸಿ ಬಂದು ಬಾಗಿಲು ತೆಗೆದರೆ ಒಲೆಯ ಬಾಯಿ ತೆಗೆದ ಹಾಗೆ ಆಗುತ್ತಿತ್ತು. ಎರಡು ವರ್ಷ ಸಹಿಸಿ, ಆಮೇಲೆ ಓದಿ, ಕೇಳಿ, ಒಂದೊಂದಾಗಿ ಮಾಡಿದೆ. ತಾರಸಿಗೆ ಬಿಳಿ ಬಣ್ಣ ಬಳಿಸಿದೆ. ಮಲಗುವ ಕೋಣೆಯ ಚಾವಣಿಗೆ ಒಳಗಿನಿಂದ ಶಾಖ ತಡೆಯುವ ಹಲಗೆ ಹಾಕಿಸಿದೆ. ಕಿಟಕಿ, ಬಾಗಿಲುಗಳ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿದೆ, ಗೋಡೆಯಲ್ಲಿದ್ದ ಬಿರುಕುಗಳಿಗೆ ಫೋಮ್ ತುಂಬಿದೆ. ಬಿಸಿಗಾಳಿ ಒಳಗೆ ಬರುವುದು ನಿಂತಿತು. ನಿಜವಾಗಿಯೂ ನಿಂತಿತು. ಅದನ್ನು ಈಗಲೂ ತಪ್ಪು ಎನ್ನುವುದಿಲ್ಲ.

ಹೋದ ವರ್ಷ ಮಾರ್ಚ್‌ನಲ್ಲಿ ಅಕ್ಕ ಒಂದು ಮದುವೆಗೆಂದು ತುಮಕೂರಿಗೆ ಬಂದವಳು ಮಧ್ಯಾಹ್ನ ನನ್ನ ಮನೆಯ ನೆಲದ ಮೇಲೆ ಕಾಲು ಚಾಚಿ ಮಲಗಿಬಿಟ್ಟಳು.

"ಏನೇ ಇದು, ನೀರಿನ ಮಡಕೆ ಒಳಗೆ ಕೂತಂಗೈತೆ."

"ನಿಮ್ಮನೆಗೂ ಮಾಡಿಸ್ಕೊಡ್ತೀನಿ ಬಿಡು," ಎಂದೆ.

ಕೇಳಿದ್ದು ಅವಳಲ್ಲ, ಹೇಳಿದ್ದು ನಾನು.

ಕೆಲಸ ಎರಡು ದಿನ ಹಿಡಿಯಿತು. ನಾನೇ ಮುಂದೆ ನಿಂತು ಮಾಡಿಸಿದೆ. ಹೆಂಚಿನ ಕೆಳಗೆ ಮರದ ರೀಪರ್ ಪಟ್ಟಿಗಳಿಗೆ ಬೆಳ್ಳಿಯಂತೆ ಹೊಳೆಯುವ ಹಾಳೆ ಬಿಗಿದು ಅಂಚಿಗೆಲ್ಲ ಟೇಪು ಸುತ್ತಿದೆವು. ಗೋಡೆಯೂ ಸೂರೂ ಸೇರುವ ಕಡೆ, ಹಿಂದಿನವರು ಬೇಕೆಂದೇ ಬಿಟ್ಟಿದ್ದ ಜಾಗದ ತುಂಬ, ಹಳದಿ ಫೋಮ್ ಉಬ್ಬಿ ಕೂತಿತು. ಅಡುಗೆಮನೆಯ ಮೇಲಿದ್ದ ಬೆಳಕಿಂಡಿಯನ್ನೂ ಮುಚ್ಚಿದೆ. ಧೂಳು ಬರುತ್ತೆ ಎಂದು ಅಕ್ಕನೇ ಯಾವಾಗಲೂ ಅದನ್ನು ಬೈಯುತ್ತಿದ್ದಳು.

ಭಾವ ಕೆಳಗೆ ನಿಂತು ನೋಡಿದರು. "ಸೆಕೆಗೆ ಮನೆಗೆ ಸ್ವೆಟ್ರು ತೊಡ್ಸೋದ್ನ ಇವತ್ತೇ ನೋಡಿದ್ದು ನಾನು."

"ನೀವು ಸುಮ್ನಿರಿ, ಅವಳು ಓದಿರೋಳು," ಎಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಹೊಗೆ ಎತ್ಲಾಗೆ ಹೋಗ್ತದೆ?" ಎಂದು ಕೇಳಿದಳು.

"ಹೊಗೆ ಎಲ್ಲಿದೆ ಅಕ್ಕ ಈಗ? ಅಡುಗೆಗೆ ಗ್ಯಾಸು, ಸ್ನಾನಕ್ಕೆ ಸೋಲಾರ್. ಒಲೆ ಹಚ್ಚಿ ಎಷ್ಟು ದಿನ ಆಯ್ತು ಹೇಳು."

"ಕಾಯಿಗೆ?"

"ಕಾಯಿಗೆ ಅಟ್ಟದ ಬಿಸಿನೇ ಸಾಕು."

ಅವಳು ಇನ್ನೊಂದು ಮಾತು ಕೇಳಲಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆ.

ಆ ಬೇಸಿಗೆ ಮನೆ ತಂಪಾಗಿತ್ತು. ಅಕ್ಕಪಕ್ಕದವರು ಬಂದು ಏಣಿ ಹತ್ತಿ ಬೆಳ್ಳಿ ಹಾಳೆ ನೋಡಿ ಹೋದರು. ಅಕ್ಕ ಫೋನಿನಲ್ಲಿ ಅದೆಲ್ಲದರ ವರದಿ ಒಪ್ಪಿಸುತ್ತಿದ್ದಳು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಒಂದು ದಿನ ಹೇಳಿದಳು, "ಕಾಯಿಗೆ ಬಿಳೀ ಬೂಸ್ಲು ಬರ್ತಾ ಐತೆ ಕಣೇ." ನಾಲ್ಕು ದಿನ ಬಿಸಿಲು ಬಂದರೆ ಸರಿಹೋಗುತ್ತೆ ಎಂದೆ. ಬಿಸಿಲು ಬರಲಿಲ್ಲ. ಅವಳು ತನ್ನ ಅತ್ತೆ ಮಳೆಗಾಲದಲ್ಲಿ ಮಾಡುತ್ತಿದ್ದುದನ್ನು ಮಾಡಿದಳು. ಕಬ್ಬಿಣದ ಬಾಣಲೆಯಲ್ಲಿ ತೆಂಗಿನ ಮಟ್ಟೆಯ ಕೆಂಡ ಮಾಡಿ, ಮೇಲೆ ಬೂದಿ ಮುಚ್ಚಿ, ಅಡುಗೆಮನೆಯಲ್ಲಿ ಅಟ್ಟದ ಕೆಳಗೆ ಇಟ್ಟಳು. ಬೂದಿ ಮುಚ್ಚಿದ ಕೆಂಡಕ್ಕೆ ಹೊಗೆ ಕಡಿಮೆ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಅದರಿಂದ ಏಳುವ ವಿಷದ ಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇದು ನಾನು ಪಾಠದಲ್ಲಿ ಹೇಳುವ ಮಾತು.

ಆ ಭಾನುವಾರ ನಾನು ಅಲ್ಲಿಗೆ ಹೋಗಿದ್ದೆ. ಬೆಳಿಗ್ಗೆಯಿಂದ ಜಿನುಗು ಮಳೆ, ಕರೆಂಟಿಲ್ಲ. ಭಾವ ಗುಬ್ಬಿಗೆ ಹೋಗಿದ್ದರು. ನಾನು ನಡುಮನೆಯಲ್ಲಿ, ಬೆಳಕಿಗಾಗಿ ಮುಂಬಾಗಿಲು ಒಂದಿಷ್ಟು ತೆರೆದುಕೊಂಡು, ಹೊಸ್ತಿಲ ಪಕ್ಕ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅಡುಗೆಮನೆಯ ಬಾಗಿಲು ಮುಚ್ಚಿತ್ತು. ಅಲ್ಲಿ ಕೆಂಡ ಇಟ್ಟಿದ್ದು ನನಗೆ ಗೊತ್ತಿರಲಿಲ್ಲ. ಅಕ್ಕ ಏಣಿ ಹತ್ತುತ್ತಾ ನನ್ನನ್ನು ನೋಡಿ ನಕ್ಕಳು.

"ಪಾಸ್ ಮಾಡೇ ಎಲ್ಲಾರ್ನೂವೆ, ಪಾಪ."

"ನೀನು ನಿನ್ನ ಕಾಯಿ ನೋಡ್ಕೋ ಹೋಗು."

"ನನ್ ಕಾಯಿ ನಿನ್ ಹುಡುಗ್ರಂಗೆ ಸುಳ್ಳು ಬರಿಯಕಿಲ್ಲ ಕಣೇ."

ಮೇಲಿನಿಂದ ಗಟಗಟ ಸದ್ದು, ಆಮೇಲೆ ಗೋಣಿಚೀಲದ ಮೇಲೆ ದುಪ್ ಎಂದು ಕಾಯಿ. ಮತ್ತೆ ಗಟಗಟ, ಮತ್ತೆ ದುಪ್. ಸ್ವಲ್ಪ ಹೊತ್ತಿನ ಮೇಲೆ ಅವಳ ದನಿ ಬಂತು. "ಯಾಕೋ ತಲೆ ಸಿಡೀತೈತೆ ಕಣೇ."

"ಕಾಫಿ ಕುಡಿದಿಲ್ವಲ್ಲ, ಅದಕ್ಕೆ," ಎಂದೆ, ತಲೆ ಎತ್ತದೆ.

ಆಮೇಲೆ ಸದ್ದು ನಿಂತಿತು. ಒಂದು ಕಾಯಿ ಬಿತ್ತು. ಬಿದ್ದದ್ದು ಚೀಲದ ಅಂಚಿಗೆ, ಅಲ್ಲಿಂದ ಉರುಳಿ ನನ್ನ ಕಾಲ ಹತ್ತಿರ ಬಂದು ನಿಂತಿತು. ನಾನು ಅದನ್ನು ಪಕ್ಕಕ್ಕೆ ಸರಿಸಿ ತಿದ್ದುವುದನ್ನು ಮುಂದುವರಿಸಿದೆ. ಎರಡು ಪುಟ. ಆಮೇಲೆ ಎಷ್ಟೋ ಸಲ ಗಡಿಯಾರ ಎದುರಿಟ್ಟುಕೊಂಡು ಎರಡು ಪುಟ ತಿದ್ದಿ ನೋಡಿದ್ದೇನೆ. ಒಂದು ಸಲ ನಾಲ್ಕು ನಿಮಿಷ ಆಗುತ್ತದೆ, ಇನ್ನೊಂದು ಸಲ ಏಳು.

ಪುಟ ಮುಗಿದ ಮೇಲೆ ಕೈ ಸುಮ್ಮನೆ ಆ ಕಾಯನ್ನು ಎತ್ತಿಕೊಂಡಿತು. ಅಲ್ಲಾಡಿಸಿದೆ. ಒಳಗೆ ನೀರಿತ್ತು.

"ಅಕ್ಕ, ಇದು ಇನ್ನೂ ನೀರಾಡ್ತಿದೆ," ಎಂದು ಕೂಗಿದೆ. ಉತ್ತರ ಬರಲಿಲ್ಲ. ಆಗಲೂ ನಾನು ಒಮ್ಮೆಗೇ ಏಳಲಿಲ್ಲ. ಕಾಯನ್ನು ಇನ್ನೊಮ್ಮೆ ಅಲ್ಲಾಡಿಸಿದೆ, ಅಕ್ಕ ಯಾಕೆ ಹೀಗೆ ಮಾಡಿದಳು ಎಂದು ಯೋಚಿಸುತ್ತಾ.

ಏಣಿ ಹತ್ತಿ ಮೊಬೈಲಿನ ಬೆಳಕು ಬಿಟ್ಟಾಗ ಸುತ್ತಲೂ ಬೆಳ್ಳಿ ಹಾಳೆ ಫಳಫಳ ಹೊಳೆಯಿತು. ಅಕ್ಕ ಕಾಯಿಗಳ ಮೇಲೆ ಬೋರಲಾಗಿ ಬಿದ್ದಿದ್ದಳು, ಒಂದು ತೋಳು ಅಟ್ಟದ ಬಾಯಿಯ ಕಡೆ ಚಾಚಿತ್ತು. ನಾಲ್ಕು ಹೆಜ್ಜೆ ಮಂಡಿಯೂರಿ ಹೋಗುವಷ್ಟರಲ್ಲಿ ನನ್ನ ತಲೆಯೂ ಭಾರವಾಯಿತು, ಕಿವಿಯಲ್ಲಿ ಗುಂಯ್ ಎಂದಿತು. ಏನೆಂದು ಅರ್ಥವಾದದ್ದು ಆಗ. ಅವಳನ್ನು ಎಳೆದೆ, ಜಗ್ಗಲಿಲ್ಲ. ಹಾಳೆಯನ್ನು ಉಗುರಿನಿಂದ ಹರಿಯಲು ನೋಡಿದೆ, ಆಗಲಿಲ್ಲ. ಹರಿಯದಂಥದ್ದು ಬೇಕೆಂದು ನಾನೇ ಆರಿಸಿ ತಂದದ್ದು. ಕೊನೆಗೆ ಕೈಗೆ ಸಿಕ್ಕ ಕಾಯಿಯಿಂದ ಕೆಳಗಿನಿಂದ ಗುದ್ದಿದೆ. ಮೂರನೆಯದೋ ನಾಲ್ಕನೆಯದೋ ಏಟಿಗೆ ಹಾಳೆ ಸೀಳಿ ಹೆಂಚು ಮೇಲೆದ್ದಿತು. ಇನ್ನೊಂದು ಗುದ್ದಿದೆ. ಹೆಂಚುಗಳು ಜಾರಿ ಅಂಗಳಕ್ಕೆ ಬಿದ್ದು ಒಡೆದ ಸದ್ದು ಕೇಳಿತು. ಮಳೆಯ ಹನಿ ಮುಖದ ಮೇಲೆ ಬಿತ್ತು. ಆ ತೂತಿಗೆ ಬಾಯಿ ಕೊಟ್ಟು ಮೊದಲು ಉಸಿರು ಎಳೆದುಕೊಂಡವಳು ನಾನು, ಅಕ್ಕನಲ್ಲ. ಆಮೇಲೆ ಅವಳ ತಲೆಯನ್ನು ಅದರ ಕೆಳಗೆ ಎಳೆದು ತಂದೆ.

ಹೆಂಚು ಬಿದ್ದ ಸದ್ದಿಗೆ ಪಕ್ಕದ ಮನೆಯ ಗಂಡ ಹೆಂಡತಿ ಓಡಿಬಂದರು. ಅವಳನ್ನು ಜಮಖಾನದಲ್ಲಿ ಸುತ್ತಿ ಇಳಿಸಿ, ಅವರದೇ ಗಾಡಿಯಲ್ಲಿ ಗುಬ್ಬಿಗೆ, ಅಲ್ಲಿಂದ ಆಂಬುಲೆನ್ಸ್‌ನಲ್ಲಿ ತುಮಕೂರಿಗೆ. ಭಾವ ಆಸ್ಪತ್ರೆಗೇ ಬಂದರು. ಒದ್ದೆ ಅಂಗಿಯಲ್ಲೇ ನಿಂತಿದ್ದರು.

"ಹೊಗೆ ಇತ್ತಾ? ಗಾಳಿ ಆಡ್ತಿತ್ತಾ ಅಲ್ಲಿ?" ಎಂದು ಡಾಕ್ಟರು ಕೇಳಿದರು.

ಕೆಂಡದ ಬಾಣಲೆಯನ್ನು ನಾನು ಹೊರಡುವಾಗ ನೋಡಿದ್ದೆ. ಎಲ್ಲವನ್ನೂ ಹೇಳಿದೆ. ಸೂರನ್ನು ನಾನು ಮುಚ್ಚಿಸಿದ್ದೆ, ಬೆಳಕಿಂಡಿಯನ್ನೂ ಮುಚ್ಚಿಸಿದ್ದೆ, ಗಾಳಿ ಹೋಗಲು ದಾರಿ ಇರಲಿಲ್ಲ ಎಂದು ಒಂದನ್ನೂ ಬಿಡದೆ ಹೇಳಿದೆ. ಆದರೆ ಇಂಗ್ಲಿಷಿನಲ್ಲಿ ಹೇಳಿದೆ. ಭಾವ ನನ್ನ ಪಕ್ಕದಲ್ಲೇ ನಿಂತಿದ್ದರು.

"ಏನಂದ್ರು?" ಎಂದು ಆಮೇಲೆ ಕೇಳಿದರು.

"ಹೊಗೆ ಕುಡಿದಿದ್ದಾಳಂತೆ. ಆಕ್ಸಿಜನ್ ಕೊಡ್ತಿದ್ದಾರೆ."

ಮರುದಿನ ಅಕ್ಕನ ಬಟ್ಟೆ ತರುತ್ತೇನೆಂದು ಹೇಳಿ ಒಬ್ಬಳೇ ಹಳ್ಳಿಗೆ ಹೋದೆ. ಈಳಿಗೆಮಣೆಯನ್ನೂ ಒಂದು ಕುಡುಗೋಲನ್ನೂ ತೆಗೆದುಕೊಂಡು ಅಟ್ಟ ಹತ್ತಿ, ಹಾಳೆಯನ್ನೆಲ್ಲ ಕಿತ್ತೆ, ಸೂರಿನ ಫೋಮ್ ಕೆರೆದೆ, ಬೆಳಕಿಂಡಿ ಬಿಡಿಸಿದೆ. ಮತ್ತೆ ಯಾರಿಗೂ ಹಾಗಾಗಬಾರದು ಎಂದು ಮಾಡಿದೆ. ಯಾರೂ ನೋಡಬಾರದು ಎಂದೂ ಮಾಡಿದೆ. ಎರಡರಲ್ಲಿ ಯಾವುದು ಮೊದಲು ಎಂದು ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ, ಹೆಚ್ಚಾಗಿ ಕುಣಿಗಲ್ ಬಸ್ಸಿನಲ್ಲಿ, ಕೆರೆಯ ಕಡೆಯಿಂದ ಗಾಳಿ ಬೀಸುವಾಗ. ಒಂದೊಂದು ದಿನ ಒಂದೊಂದು ಉತ್ತರ ಬರುತ್ತದೆ.

ಹಾಳೆ ಹೋದದ್ದನ್ನು ಭಾವ ನೋಡಿದರು. "ಮಳೆಗೆ ನೆಂದು ಹಾಳಾಗಿತ್ತು, ತೆಗೆದೆ," ಎಂದೆ. "ಒಳ್ಳೇದಾಯ್ತು ಬುಡಮ್ಮ, ನೀನಿದ್ದಕ್ಕೆ ಅವ್ಳು ಉಳ್ಕಂಡ್ಳು," ಎಂದರು. ಊರಿನಲ್ಲಿ ಎಲ್ಲರೂ ಅದನ್ನೇ ಹೇಳುತ್ತಿದ್ದರು. ಓದಿದವಳು ಮನೆಯಲ್ಲಿದ್ದಳು, ಹೆಂಚು ಒಡೆದು ಅಕ್ಕನನ್ನು ಉಳಿಸಿದಳು.

ಅಕ್ಕ ಉಳಿದಳು. ನಡೆಯುತ್ತಾಳೆ, ಅಡುಗೆ ಮಾಡುತ್ತಾಳೆ, ತಮಾಷೆ ಮಾಡುತ್ತಾಳೆ. ಹಳೆಯದು ಹೆಚ್ಚುಕಡಿಮೆ ಎಲ್ಲ ನೆನಪಿದೆ. ಹೊಸದು ಮಾತ್ರ ನಿಲ್ಲುವುದಿಲ್ಲ. ಹಾಲು ಒಲೆಯ ಮೇಲಿಟ್ಟು ಹೊರಗೆ ಬಂದರೆ ಅಷ್ಟೇ. ನಿಧಾನವಾಗಿ ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದಿದ್ದಾರೆ ಡಾಕ್ಟರು. ದೀಪಾವಳಿಯ ಹೊತ್ತಿಗೆ ಅವಳು ಒಂದು ಕಾಯನ್ನು ಕಿವಿಗೆ ಹಿಡಿದು ಬಹಳ ಹೊತ್ತು ಅಲ್ಲಾಡಿಸಿ, ನನ್ನ ಕೈಗೆ ಕೊಟ್ಟು, "ಇದು ಆಗೈತಾ ನೋಡೇ," ಎಂದಳು. ನೀರು ಎದ್ದು ಕೇಳಿಸುತ್ತಿತ್ತು. ಅವಳಿಗೂ ಕೇಳಿಸಿರಬೇಕು. ಅದರ ಅರ್ಥವೇನೆಂದು ಹೊಳೆದಿರಲಿಲ್ಲ. ಹಳೆಯದರಲ್ಲಿ ಅದೊಂದು ಹೋಗಿತ್ತು.

ಈ ಮಾರ್ಚ್‌ನಲ್ಲಿ ಹೋದಾಗ ಸೆಕೆ ಜೋರಿತ್ತು. ಅಕ್ಕ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಹೇಳಿದಳು, "ಹೋದ್ ಸಲ ಹಾಕ್ಸಿದ್ಯಲ್ಲ ಬೆಳ್ಳಿ ಹಾಳೆ, ಎಷ್ಟು ತಂಪಾಗಿತ್ತು. ಮತ್ತೆ ಹಾಕ್ಸೇ."

ಅವಳ ಕೈ ಹಿಡಿದುಕೊಂಡು ಎಲ್ಲ ಹೇಳಿದೆ. ಒಂಬತ್ತು ತಿಂಗಳು ಬಾಯಿಗೆ ಬಾರದ್ದು ಹತ್ತು ನಿಮಿಷದಲ್ಲಿ ಮುಗಿಯಿತು. ಅವಳು ಕೇಳಿಸಿಕೊಂಡಳು. ನನ್ನ ಮುಖ ನೋಡಿ, "ಅಳ್ಬ್ಯಾಡ, ನೀನೇನು ಬೇಕೂಂತ ಮಾಡಿದ್ಯಾ?" ಎಂದಳು. ಎದೆಯಿಂದ ಒಂದು ಚಪ್ಪಡಿ ಇಳಿದಂತಾಯಿತು.

ಊಟವಾದ ಮೇಲೆ ತಟ್ಟೆ ತೊಳೆಯುತ್ತಾ ಅವಳು ಮತ್ತೆ ಹೇಳಿದಳು. "ಈ ಸೆಕೆ ತಡಿಯಕಾಗಲ್ಲ. ಹೋದ್ ಸಲ ಹಾಕ್ಸಿದ್ಯಲ್ಲ, ಆ ಹಾಳೆ, ಮತ್ತೆ ಹಾಕ್ಸೇ."

ನಾನು ಇನ್ನೊಮ್ಮೆ ಹೇಳಿದೆ, ಈ ಸಲ ಚಿಕ್ಕದಾಗಿ. ಅವಳು ಮತ್ತೆ, ಮೊದಲ ಸಲವೆಂಬಂತೆ, ನನ್ನನ್ನು ಸಮಾಧಾನ ಮಾಡಿದಳು. ಆಗ ನನಗೆ ಹೆದರಿಕೆಯಾಯಿತು. ಅವಳಿಗೆ ಹೇಳಿದ್ದು ಯಾರಿಗೂ ಹೇಳದ ಹಾಗೆಯೇ. ನಾನಿಲ್ಲದ ದಿನ ಅವಳು ಇನ್ನಾರನ್ನೋ ಕರೆಸಿ ಹಾಕಿಸಿದರೆ? ಇಲ್ಲವೇ ತಾನೇ ಬೆಳಕಿಂಡಿಗೆ ಬಟ್ಟೆ ತುರುಕಿದರೆ? ಮಳೆ ಬಂದಾಗ ಕೆಂಡ ಇಡುವುದು ಅವಳ ಹಳೆಯ ನೆನಪು. ಅದು ಹೋಗಿಲ್ಲ. ಆ ಮನೆಯಲ್ಲಿ ನೆನಪಿಟ್ಟುಕೊಳ್ಳಬಲ್ಲವರು ಒಬ್ಬರೇ ಇದ್ದರು.

ಭಾವ ಹಿತ್ತಿಲಲ್ಲಿ, ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಗುದ್ದಿ ಸುಲಿಯುತ್ತಿದ್ದರು. ಎದುರಿಗೆ ನಿಂತು ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ. ಮೂರು ಕಾಯಿ ಸುಲಿದರು.

"ಡಾಕ್ಟ್ರಿಗೆ ಅವತ್ತೇ ಹೇಳಿದ್ದಾ?"

"ಹೇಳಿದ್ದೆ."

"ನಾನು ಪಕ್ಕದಲ್ಲೇ ಇದ್ನಲ್ಲ."

"ಇಂಗ್ಲಿಷಲ್ಲಿ ಹೇಳಿದೆ ಭಾವ."

ನಾಲ್ಕನೆಯ ಕಾಯಿ ಕೈಯಲ್ಲೇ ಉಳಿಯಿತು. ಅಷ್ಟರಲ್ಲಿ ಅಕ್ಕ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. "ಏನೇ, ಆ ಬೆಳ್ಳಿ ಹಾಳೆ ಯಾವಾಗ ಹಾಕ್ಸ್ತೀಯ?"

ನಾನು ಬಾಯಿ ತೆಗೆಯುವ ಮೊದಲೇ ಭಾವ ಹೇಳಿದರು. "ಈ ಸಲ ಅದು ಬ್ಯಾಡ ಬುಡು. ಹೆಂಚಿನ ಮ್ಯಾಲೆ ಗರಿ ಹೊದಿಸ್ತೀನಿ. ತಂಪಾಯ್ತದೆ, ಗಾಳೀನೂ ಆಡ್ತದೆ."

ಅವರು ಏಣಿ ಇಟ್ಟು ಹತ್ತಿದರು. ಸಂಜೆಯ ಬಸ್ಸಿನವರೆಗೂ ನಾನು ತೋಟದಿಂದ ಒಣಗರಿ ಎಳೆದು ತಂದು ಮೇಲಕ್ಕೆ ಕೊಟ್ಟೆ. ಪ್ರತಿ ಗರಿಯನ್ನೂ ಅವರು ನನ್ನ ಕೈಯಿಂದ ತೆಗೆದುಕೊಂಡರು, ಆದರೆ ನನ್ನ ಕಡೆ ನೋಡಲಿಲ್ಲ. ಅಕ್ಕ ಕೆಳಗಿನಿಂದ ಕೇಳುತ್ತಲೇ ಇದ್ದಳು, ಗರಿ ಯಾಕೆ, ಹಾಳೆ ಯಾಕಲ್ಲ ಎಂದು. ಪ್ರತಿ ಸಲವೂ ಉತ್ತರ ಕೊಟ್ಟದ್ದು ಭಾವ.